ತನ್ನ ಕೋಟನ್ನು ತಾನೇ ಹೊಲಿದುಕೊಂಡ ಮನುಷ್ಯ

ಈ ಚಳಿಗಾಲದ ರಜೆ ಮುಗಿಯುವಷ್ಟರಲ್ಲಿ ಶಾಲೆಗೆ ಶಾಲೆಯೇ ಮೂಗಿನ ಮೇಲೆ ಬೆರಳಿಡಬೇಕು ಎಂದು ದರ್ಜಿ ಘೋಷಿಸಿಬಿಟ್ಟ! ಘೋಷಣೆ ನಡೆದದ್ದು ಊಟದ ಮೇಜಿನ ಮುಂದೆ. ಸಭಿಕರು ಮೂವರು: ಹೆಂಡತಿ, ಅತ್ತೆ, ಮತ್ತು ಮೂರನೇ ತರಗತಿಯ ಮಗಳು. ಮಗಳ ಮೈ ತೆಳ್ಳಗೆ, ಮಾತು ಚೂಪು. ಹಾಗಾಗಿ ಮನೆಯಲ್ಲಿ ಅವಳಿಗೆ ಸೂಜಿ ಎಂದೇ ಹೆಸರು. ಅವಳ ಕೈಯಲ್ಲಿ ಶಾಲೆಯವರು ಕೊಟ್ಟ ರಜಾ ಚಟುವಟಿಕೆಗಳ ಹಾಳೆಯಿತ್ತು. ಉದುರಿದ ಎಲೆ ಅಂಟಿಸುವುದು, ದಿನದ ಹವಾಮಾನ ಬರೆಯುವುದು, ಕೊನೆಯದಾಗಿ ಹಳೇ ಬಟ್ಟೆಯಲ್ಲಿ ಒಬ್ಬ ‘ಚಳಿಗಾಲದ ಮನುಷ್ಯ’ನನ್ನು ಮಾಡಿ, ಬೆಚ್ಚನೆಯ ಉಡುಪು ತೊಡಿಸಿ ತರಗತಿಗೆ ತರುವುದು.

"ಆ ಮನುಷ್ಯನನ್ನ ನನಗೆ ಬಿಡಿ!" ಎಂದ ದರ್ಜಿ.

"ಅಪ್ಪ, ಕೆಳಗೆ ಬರೆದಿದೆ ನೋಡು. ಮಕ್ಕಳೇ ಮಾಡಬೇಕಂತೆ."

"ನೀನೇ ಮಾಡು, ಯಾರು ಬೇಡ ಅಂದ್ರು? ನಾನು ಬರೀ ಕತ್ತರಿಸಿ, ಹೊಲಿದು, ತುಂಬಿ, ಬಟ್ಟೆ ಹಾಕಿ ಕೊಡ್ತೀನಿ."

"ಮತ್ತೆ ನಾನು?"

"ನೀನು ಮೂಗು ಬಾಯಿ ಬರಿ!"

ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಮಾತನ್ನೂ ಅಳೆದು ತೂಗಿ ಆಡುವವಳು. "ಹೋದ ರಜೆ ನೆನಪಿದೆಯಾ?" ಎಂದಷ್ಟೇ ಕೇಳಿದಳು.

ನೆನಪಿಲ್ಲದೆ ಏನು! ಹೋದ ರಜೆಯಲ್ಲಿ ದರ್ಜಿ ಮಗಳ ಪರವಾಗಿ ರಟ್ಟಿನ ಗಡಿಯಾರ ಗೋಪುರ ಕಟ್ಟಿದ್ದ. "ತಂದೆಯ ಕೆಲಸ ಬಹಳ ಚೆನ್ನಾಗಿದೆ. ಮಗುವಿನ ಕೆಲಸವನ್ನೂ ಕಳಿಸಿ" ಎಂದು ಟೀಚರು ಬರೆದು ವಾಪಸು ಕಳಿಸಿದ್ದರು. ದರ್ಜಿ ಮೊದಲ ವಾಕ್ಯವನ್ನು ಮಾತ್ರ ಓದಿ ಆ ಚೀಟಿಗೆ ಚೌಕಟ್ಟು ಹಾಕಿಸಿದ! ಸೂಜಿ ಮಾತ್ರ ಎಂಟು ದಿನ ಆಟದ ಹೊತ್ತಿನಲ್ಲಿ ಖಾಲಿ ತರಗತಿಯೊಳಗೆ ಒಬ್ಬಳೇ ಕೂತು, ಹೊರಗಿನ ಗದ್ದಲ ಕೇಳುತ್ತ, ಇನ್ನೊಂದು ಗೋಪುರ ಕಟ್ಟಿದ್ದಳು. ಈ ಸಲವೂ ಹಾಗಾದರೆ ಎಂಬ ಹೆದರಿಕೆ ಅವಳಿಗಿತ್ತು.

ದರ್ಜಿ ಕತ್ತರಿ ಎತ್ತಿದ. ಅಳತೆಯಿಲ್ಲದೆ ಬಟ್ಟೆಗೆ ಕತ್ತರಿ ಹಾಕುವುದು ಅವನ ಜಾಯಮಾನದಲ್ಲೇ ಇಲ್ಲ. ಅಳತೆ ಪುಸ್ತಕ ತೆರೆದ; ಊರಿನ ಅರ್ಧ ಜನ ಅದರೊಳಗೆ ಮಲಗಿದ್ದರು. ಕೊನೆಯ ಪುಟದಲ್ಲಿ ಹೆಸರಿಲ್ಲದ ಒಂದು ಅಳತೆ ಸಿಕ್ಕಿತು. ಎದೆ ಮೂವತ್ತೆಂಟು, ಹೊಟ್ಟೆ ನಲವತ್ತು, ಎಡಭುಜ ಅರ್ಧ ಇಂಚು ಕೆಳಗೆ. "ಯಾವನೋ ಪಾಪ, ಭುಜ ಸೊಟ್ಟ, ಹೊಟ್ಟೆ ಡೊಳ್ಳು!" ಎಂದು ನಕ್ಕು ಅದನ್ನೇ ಆರಿಸಿಕೊಂಡ.

ಎರಡು ದಿನದಲ್ಲಿ ಆಳೆತ್ತರದ ಬಟ್ಟೆ ಮನುಷ್ಯ ತಯಾರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಕಿಟಕಿಯ ಪಕ್ಕ, ಹಳೇ ಹೊಲಿಗೆ ಯಂತ್ರದ ಮುಂದೆ, ಅವನನ್ನು ಕುರ್ಚಿಯಲ್ಲಿ ಕೂರಿಸಿದ. ಕೈಗೆ ಗವಸು, ತಲೆಗೆ ಟೋಪಿ. ಮುಖ ಮಾತ್ರ ಬಿಳೀ ಬಟ್ಟೆಯ ಖಾಲಿ ಮುಖ. ಕೋಟಿನ ತುಂಡುಗಳನ್ನು ಕತ್ತರಿಸಿ ಅವನ ಮೈಮೇಲೆ ಗುಂಡುಪಿನ್ನಿನಲ್ಲಿ ಸಿಕ್ಕಿಸಿ, ಬಿಡುವಾದಾಗ ಹೊಲಿದರಾಯಿತು ಎಂದುಕೊಂಡ. ದೂರ ನಿಂತು ನೋಡಿದ. ಬಾಯಲ್ಲಿದ್ದ ನಗು ಅಲ್ಲೇ ಆರಿತು. ಇವನನ್ನು ಎಲ್ಲೋ ನೋಡಿದ್ದೇನೆ! ದಿನಾ ನೋಡಿದ್ದೇನೆ! ಯಾರು?

ಸೂಜಿ ಹತ್ತಿರ ಬಂದಳು. "ನಾನು ಮುಟ್ಟಲಾ?"

"ಮುಟ್ಟಬೇಡ! ಈ ಕಡೆ ಸುಳಿಯಲೂ ಬೇಡ!" ಯಾಕೆ ಹಾಗೆ ಕಿರುಚಿದೆನೆಂದು ಅವನಿಗೇ ತಿಳಿಯಲಿಲ್ಲ.

ಮಾರನೇ ದಿನ ಸಂಜೆ ಅತ್ತೆ ತುಂಬ ಪ್ರಸನ್ನರಾಗಿದ್ದರು. "ಅಳಿಯಂದಿರು ಇವತ್ತು ಎಷ್ಟು ಒಳ್ಳೆಯವರು! ಅರ್ಧ ಗಂಟೆ ನನ್ನ ಮೊಣಕಾಲು ನೋವಿನ ಕಥೆ ಕೇಳಿದ್ರು. ಒಂದು ಸಲವೂ ಎದುರು ಮಾತಾಡಲಿಲ್ಲ."

"ಎಷ್ಟು ಹೊತ್ತಿಗೆ ಅತ್ತೆ?"

"ಮೂರು ಗಂಟೆಗೆ, ಕಿಟಕಿ ಹತ್ತಿರ."

ಮೂರು ಗಂಟೆಗೆ ದರ್ಜಿ ಊರಿನ ಆ ತುದಿಯಲ್ಲಿ ಹೊಲಿದ ಬಟ್ಟೆ ಮುಟ್ಟಿಸುತ್ತಿದ್ದ! ಅತ್ತೆಗೆ ಕಣ್ಣು ಮಂಜು ಎಂದು ಸಮಾಧಾನ ಮಾಡಿಕೊಂಡ. ಆದರೆ ಎದುರುಮನೆಯ ಬಡಗಿಗೆ ಹದ್ದಿನ ಕಣ್ಣು. ಅವನೂ ಬಂದು ಜಗಳ ತೆಗೆದ: "ಮಧ್ಯಾಹ್ನ ಅಷ್ಟು ಕೂಗಿದೆ, ತಿರುಗಿ ನೋಡಲಿಲ್ಲವಲ್ಲಯ್ಯಾ! ಅಷ್ಟೇನು ಬಿಗುಮಾನ?"

ನಾಲ್ಕನೆಯ ದಿನ ದರ್ಜಿ ಬಟ್ಟೆ ಮುಟ್ಟಿಸಿ ಬಂದಾಗ, ಬೊಂಬೆಯ ಕೋಟಿನ ಎಡತೋಳು ಹೊಲಿದಿತ್ತು.

ಅವನು ಹೊಲಿದಿರಲಿಲ್ಲ. ಹೆಂಡತಿ ಐದಕ್ಕೆ ಬರುವವಳು. ಅತ್ತೆಗೆ ಸೂಜಿಯ ಕಣ್ಣು ಕಾಣದು. ಮಗಳು ಪಕ್ಕದ ಮನೆಗೆ ಆಟಕ್ಕೆ ಹೋಗುತ್ತೇನೆಂದು ಹೇಳಿ ಹೋಗಿದ್ದಳು. ಅಲ್ಲದೆ ಅವಳಿಗೆ ದಾರ ಪೋಣಿಸಲೂ ಬರದೆಂದು ಅವನ ನಂಬಿಕೆ, ಯಾಕೆಂದರೆ ಅವನೆಂದೂ ಪೋಣಿಸಲು ಬಿಟ್ಟಿರಲೇ ಇಲ್ಲ! ಬೊಂಬೆಯ ಬೆರಳುಗಳ ನಡುವೆ ದಾರ ಪೋಣಿಸಿದ ಸೂಜಿ ಸಿಕ್ಕಿಸಿತ್ತು. ಕಿಟಕಿಯಾಚೆ ಮಂಜು ಗಾಜಿಗೆ ಅಂಟಿಕೊಂಡು ನಿಂತಿತ್ತು. ಅಂಗಡಿಯಲ್ಲಿ ಹೊಲಿದ ಬಟ್ಟೆ ತೊಡಿಸಿಡುವ, ತಲೆಯಿಲ್ಲದ ಮೂರು ಬೊಂಬೆಗಳು ಎಂದಿನಂತೆ ನಿಂತಿದ್ದವು, ಆದರೆ ಅವೂ ಇತ್ತ ತಿರುಗಿದಂತೆ ಕಂಡವು. ದರ್ಜಿ ಎರಡು ಹೆಜ್ಜೆ ಹಿಂದೆ ಸರಿದ.

ಆದರೆ ಹೆದರಿಕೆಗಿಂತ ವೃತ್ತಿಧರ್ಮ ದೊಡ್ಡದು! ಬಗ್ಗಿ ನೋಡಿದರೆ ಹೊಲಿಗೆ ಹಾವು ಹರಿದ ಹಾಗೆ ಸೊಟ್ಟ. "ದೆವ್ವವಾದರೇನು, ನನ್ನ ಅಂಗಡಿಯಲ್ಲಿ ಇಂಥ ಕೆಲಸವೇ?" ಎಂದು ತೋಳು ಬಿಚ್ಚಿ, ನೆಟ್ಟಗೆ ಹೊಲಿದ. ಮಾರನೇ ದಿನ ಬಂದು ನೋಡಿದರೆ ಆ ನೆಟ್ಟಗಿನ ಹೊಲಿಗೆ ಮಾಯ! ಸೊಟ್ಟ ಹೊಲಿಗೆ ಹಾಜರು! ಜೊತೆಗೆ ಕಾಲರು ಕೂಡ! ಅವನು ಮತ್ತೆ ಬಿಚ್ಚಿದ. ಅದು ಮತ್ತೆ ಹೊಲಿಯಿತು. ಹೀಗೆ ಐದು ದಿನ ಒಬ್ಬ ದರ್ಜಿಗೂ ಒಂದು ದೆವ್ವಕ್ಕೂ ಘೋರ ಯುದ್ಧ ನಡೆಯಿತು. ಮನೆಯಲ್ಲಿ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಮರ್ಯಾದೆ ಹರಾಜು.

ಯುದ್ಧದ ಆರನೆಯ ದಿನ ಬೇಗ ಮರಳಿದ. ಬೀದಿಯ ಆಚೆಯಿಂದಲೇ, ಮಂಜಿನೊಳಗೆ, ತನ್ನ ಕಿಟಕಿ ಕಂಡಿತು. ಅದರೊಳಗೆ ಯಂತ್ರದ ಮುಂದೆ, ಎಡಭುಜ ಇಳಿಬಿಟ್ಟು, ಡೊಳ್ಳು ಮುಂದೆ ಮಾಡಿ ತಾನೇ ಕೂತಿದ್ದ! ಮೈ ಅಲುಗುತ್ತಿರಲಿಲ್ಲ. ಆದರೆ ಎದೆಯ ಹತ್ತಿರ ಏನೋ ಮೆಲ್ಲಗೆ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು, ದಾರ ಎಳೆಯುವ ಹಾಗೆ. ಓಡಿ ಬಂದು ಬಾಗಿಲು ತಳ್ಳಿದ. ಕೋಣೆಯಲ್ಲಿ ಯಾರೂ ಇಲ್ಲ. ಖಾಲಿ ಮುಖದವನು ಸುಮ್ಮನೆ ಕೂತಿದ್ದ. ಕೋಟಿನಿಂದ ಇಳಿಬಿದ್ದ ದಾರದ ತುದಿಯಲ್ಲಿ ಸೂಜಿ ಇನ್ನೂ ತೂಗಾಡುತ್ತಿತ್ತು.

ಸಂಜೆ ಹೆಂಡತಿಯ ಮುಂದೆ ಎಲ್ಲ ಒಪ್ಪಿಸಿದ. "ಅದು ನಾನೇ ಕಣೇ! ನನ್ನ ಆಯುಸ್ಸು ಮುಗೀತು ಅಂತ ಕಾಣುತ್ತೆ!"

ಅವಳು ಅಳತೆ ಪುಸ್ತಕ ನೋಡಿ ಬಿದ್ದು ಬಿದ್ದು ನಕ್ಕಳು. "ನೀವಲ್ಲದೆ ಇನ್ಯಾರು? ಊರಿಗೆಲ್ಲ ಕೋಟು ಹೊಲೀತೀರಿ, ನಿಮಗೆ ಒಂದಿಲ್ಲ. ಹೊಲಿಸೋಣ ಅಂತ ನೀವು ಗೊರಕೆ ಹೊಡೆಯುವಾಗ ನಾನೇ ಅಳತೆ ತಗೊಂಡು ಬರೆದಿಟ್ಟೆ."

ದೀಪದ ಬುಡದಲ್ಲಿ ಕತ್ತಲೆ! ಊರವರ ಸೊಂಟವನ್ನೆಲ್ಲ ಕಣ್ಣಲ್ಲೇ ಅಳೆಯುವವನು ತನ್ನ ಭುಜವನ್ನು ಗುರುತಿಸಿರಲಿಲ್ಲ. "ಸರಿ, ಅಳತೆ ನನ್ನದು. ಹೊಲಿಯೋದು ಯಾರು?"

"ನಾಳೆ ಹೊರಗೆ ಹೋದ ಹಾಗೆ ಮಾಡಿ, ಒಳಗೇ ನಿಂತು ನೋಡಿ" ಎಂದಳು ಹೆಂಡತಿ. ಅವಳ ಮುಖದಲ್ಲಿ ನಗು ಇರಲಿಲ್ಲ.

ಮರುದಿನ ದರ್ಜಿ, ದೆವ್ವ ಬರಲೆಂದು ತೋಳನ್ನು ಮತ್ತೆ ನೆಟ್ಟಗೆ ಹೊಲಿದಿಟ್ಟು, ಬಟ್ಟೆ ಹಾಕಿ ನೋಡುವ ಮೂಲೆಯ ಪರದೆಯ ಹಿಂದೆ ಅಡಗಿದ. ಮೂರು ಹೊಡೆಯಿತು. ಮನೆ ನಿಶ್ಶಬ್ದವಾಯಿತು. ಒಳಬಾಗಿಲಿನಿಂದ ಪುಟ್ಟ ಹೆಜ್ಜೆಗಳು ಬಂದವು. ಸೂಜಿ ಬೊಂಬೆಯ ತೊಡೆಯೇರಿ ಕೂತಳು, ಅದರ ಎರಡೂ ಕೈ ಎಳೆದು ತನ್ನ ಸುತ್ತ ಹಾಕಿಕೊಂಡಳು, ಕೋಟಿನ ತೋಳು ನೋಡಿದಳು.

"ನೋಡು, ಅಪ್ಪ ಮತ್ತೆ ನೆಟ್ಟಗೆ ಹೊಲಿದುಬಿಟ್ಟಿದ್ದಾರೆ" ಎಂದಳು ಆ ಖಾಲಿ ಮುಖಕ್ಕೆ. "ನೆಟ್ಟಗಿದ್ರೆ ಮಿಸ್ ನಂಬಲ್ಲ. ಆಟಕ್ಕೆ ಬಿಡಲ್ಲ. ಇನ್ನೊಂದೇ ದಿನ ಇದೆ. ನೀನಾದ್ರೂ ಬೇಡ ಅನ್ನಬಾರದಿತ್ತಾ?" ಅವಳು ಬಿಚ್ಚತೊಡಗಿದಳು. ಸೂಜಿ ಚುಚ್ಚಿತು; ಬೆರಳನ್ನು ಬಾಯಲ್ಲಿಟ್ಟುಕೊಂಡು ಸದ್ದಿಲ್ಲದೆ ಅತ್ತಳು, ಮತ್ತೆ ಹೊಲಿದಳು.

ದರ್ಜಿಗೆ ಈಗ ತಿಳಿಯಿತು. ಇಷ್ಟು ದಿನ ತಾನು ಬಿಚ್ಚಿದ್ದು ದೆವ್ವದ ಹೊಲಿಗೆಯಲ್ಲ, ಮಗಳ ಬೆರಳಿನ ನೋವು. ತಡೆಯಲಾರದೆ ಪರದೆ ಸರಿಸಿ ಹೊರಬಂದ. ಒಬ್ಬ ಅಪ್ಪನ ತೊಡೆಯ ಮೇಲೆ ಕೂತಿದ್ದಾಗ ಇನ್ನೊಬ್ಬ ಅಪ್ಪ ಗೋಡೆಯೊಳಗಿಂದ ಬಂದದ್ದು ಕಂಡು ಸೂಜಿ ಕಿಟಾರನೆ ಕಿರುಚಿದಳು! ಒಳಗಿದ್ದ ಅತ್ತೆಯೂ ಕಿರುಚಿದರು. ದರ್ಜಿಯೂ ಕಿರುಚಿದ.

"ಬಿಚ್ಚಿದ್ದು ತಪ್ಪಾಯ್ತು ಮಗಳೇ. ಕೊಡು, ಒಂದೇ ನಿಮಿಷದಲ್ಲಿ..."

"ಅಪ್ಪ!"

"ಇಲ್ಲ, ಇಲ್ಲ. ನೀನೇ ಹೊಲಿ." ಎರಡೂ ಕೈಯನ್ನು ತೊಡೆಯಡಿ ಒತ್ತಿಟ್ಟುಕೊಂಡು ಕೂತ. ಗುಂಡಿ ಒಂದು ಮೇಲೆ, ಒಂದು ಕೆಳಗೆ ಬಿತ್ತು. ಇಪ್ಪತ್ತು ವರ್ಷದ ಅನುಭವ ಗಂಟಲಲ್ಲೇ ಒದ್ದಾಡಿತು.

ಶಾಲೆ ತೆರೆದ ದಿನ ತರಗತಿಯ ತುಂಬ ಚಳಿಗಾಲದ ಮನುಷ್ಯರು. ಮಿಸ್ ಕೋಟಿನ ಹೊಲಿಗೆಯನ್ನು ಬೆರಳಿನಿಂದ ಸವರಿದರು. ಬೊಂಬೆಯನ್ನು ಹೊತ್ತು ತಂದು ಹಿಂದಿನ ಬೆಂಚಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದ ದರ್ಜಿ ಕತ್ತು ಚಾಚಿದ.

"ಯಾರು ಮಾಡಿದ್ದು?"

"ಒಳಗಿನ ಮನುಷ್ಯ ಅಪ್ಪನದು. ಕೋಟು ನಂದು, ಮಿಸ್."

"ಗೊತ್ತಾಗುತ್ತೆ" ಎಂದು ಮಿಸ್ ನಕ್ಕು ಕೋಟಿಗೊಂದು ನಕ್ಷತ್ರ ಅಂಟಿಸಿದರು. ಸೂಜಿಯ ಮುಖ ಅರಳಿತು. ಎಲ್ಲ ಮಕ್ಕಳನ್ನೂ ಕೇಳಿದಂತೆ ಅವಳನ್ನೂ ಕೇಳಿದರು: "ಇವನಿಗೆ ಏನು ಕಂಡ್ರೆ ಭಯ? ಗಾಳಿನಾ? ಮಂಜಾ?"

"ಚಳಿ ಕಂಡ್ರೆ ಭಯ ಇಲ್ಲ ಮಿಸ್, ಕೋಟಿದೆ. ನಮ್ಮಪ್ಪ ಕಂಡ್ರೆ ಭಯ."

"ಹೌದಾ? ಹೇಗೆ ಗೊತ್ತು?"

"ಮನೇಲಿ ನನ್ನ ಜೊತೆ ಚೆನ್ನಾಗಿ ಮಾತಾಡ್ತಾನೆ ಮಿಸ್. ಅಪ್ಪ ಬಂದ ಸದ್ದಾದ್ರೆ ಸಾಕು, ಉಸಿರು ಬಿಗಿಹಿಡ್ಕೊಂಡು ಬೊಂಬೆ ಥರ ಕೂತುಬಿಡ್ತಾನೆ!"

ಇಡೀ ತರಗತಿ ಒಮ್ಮೆಲೇ ಹಿಂದಿನ ಬೆಂಚಿನತ್ತ ತಿರುಗಿತು. ಅಲ್ಲಿ ದರ್ಜಿ ಉಸಿರು ಬಿಗಿಹಿಡಿದುಕೊಂಡು, ಬೊಂಬೆಯ ಹಾಗೆ ಕೂತಿದ್ದ.