ನನ್ನ ಸ್ಪ್ಯಾನಿಷೂ ಬೀಗಿತ್ತಿ ರೋಸಾ ಅವರೂ

ನನಗೆ ಸ್ಪ್ಯಾನಿಷ್ ಬರುತ್ತದೆ.

ಮೂವತ್ತು ವರ್ಷಗಳಿಂದ ನಾನು ಇದನ್ನು ಹೇಳಿಕೊಂಡು ಬಂದಿದ್ದೇನೆ. ಡೊಂಬಿವಲಿಯಲ್ಲಿ ಕೂತು ಹೀಗೆ ಹೇಳಿಕೊಳ್ಳುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಪರೀಕ್ಷೆ ಮಾಡುವವರು ಯಾರೂ ಇಲ್ಲ! ಮರಾಠಿ ಬರುತ್ತದೆ ಎಂದರೆ ತರಕಾರಿಯವಳೇ ನಿಂತಲ್ಲಿ ಪರೀಕ್ಷೆ ಮಾಡಿ ಫೇಲ್ ಮಾಡುತ್ತಾಳೆ. ಗುಜರಾತಿ ಬರುತ್ತದೆ ಎಂದರೆ ಮೇಲಿನ ಮಹಡಿಯ ಶೇಠ್ ನಗುತ್ತಾರೆ. ಸ್ಪ್ಯಾನಿಷ್ ಎಂದರೆ ಎಲ್ಲರೂ "ಹೌದಾ!" ಎಂದು ಗೌರವದಿಂದ ದಾರಿ ಬಿಡುತ್ತಾರೆ.

ಹಾಗಂತ ಅದು ಪೂರ್ತಿ ಸುಳ್ಳಲ್ಲ. ಉಡುಪಿ ಕಡೆಯಿಂದ ಬಂದ ಹೊಸತರಲ್ಲಿ ನನಗೆ ಅಂಬರನಾಥದ ಒಂದು ಬಣ್ಣದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಗೋಡೆಗೆ ಬಳಿಯುವ ಬಣ್ಣವಲ್ಲ, ನೂಲಿಗೆ ಹಾಕುವ ಬಣ್ಣ. ನಾನು ಎಕ್ಸ್‌ಪೋರ್ಟ್ ವಿಭಾಗದ ಗುಮಾಸ್ತ. ಮೆಕ್ಸಿಕೊ, ಪೆರು, ಅರ್ಜೆಂಟೀನಾಗಳಿಂದ ಕಾಗದ ಬರುತ್ತಿತ್ತು. ತೆಳುವಾದ ನೀಲಿ ಲಕೋಟೆ, ಮೇಲೆ ಹಕ್ಕಿ, ಹೂವು, ಮೀಸೆಯ ಸರದಾರರ ಸ್ಟ್ಯಾಂಪು. ಒಳಗಿದ್ದದ್ದು ಮಾತ್ರ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ದಿನ ಮ್ಯಾನೇಜರ್ ಸಾಹೇಬರು, "ಯಾರಾದರೂ ಈ ಭಾಷೆ ಕಲಿಯಿರಿ" ಎಂದರು. ಎಲ್ಲರೂ ತಲೆ ತಗ್ಗಿಸಿದರು. ನಾನು ಸ್ವಲ್ಪ ತಡವಾಗಿ ತಗ್ಗಿಸಿದೆ. ಅಷ್ಟೇ, ಕೆಲಸ ನನ್ನ ಪಾಲಿಗೆ ಬಂತು!

ಠಾಣೆ ಸ್ಟೇಷನ್ನಿನ ಹೊರಗೆ ಫುಟ್‌ಪಾತಿನ ಮೇಲೆ ಹಳೆ ಪುಸ್ತಕ ಮಾರುವವನ ಹತ್ತಿರ ಒಂದು ಸ್ಪ್ಯಾನಿಷ್ ಕಲಿಸುವ ಪುಸ್ತಕ ಸಿಕ್ಕಿತು. ಬೆಳಗಿನ ಲೋಕಲ್ಲಿನಲ್ಲಿ ಜಗತ್ತೆಲ್ಲ ಮುಂಬಯಿ ಕಡೆಗೆ ಬಾಗಿಲಿಗೆ ನೇತಾಡುತ್ತ ಹೋಗುವಾಗ ನಾನು ಉಲ್ಟಾ ದಿಕ್ಕಿಗೆ ಅಂಬರನಾಥಕ್ಕೆ ಹೋಗುತ್ತಿದ್ದೆ. ಹಾಗಾಗಿ ಕಿಟಕಿ ಪಕ್ಕದ ಸೀಟು ಸಿಗುತ್ತಿತ್ತು. ಗಾಳಿಗೆ ಪುಟ ಹಾರದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದೆ. ಎದುರಿನ ಸೀಟಿನವರು ನಾನು ಸ್ತೋತ್ರ ಹೇಳುತ್ತಿದ್ದೇನೆಂದು ತಿಳಿದು ಕಾಲು ಮಡಚಿ ಕೂರುತ್ತಿದ್ದರು. ಈಗ ನೆನೆದರೆ, ನನ್ನ ಬದುಕಿನಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ. ನೋಡದ ಊರುಗಳ ಹೆಸರುಗಳೆಲ್ಲ ನಾಲಿಗೆಯ ಮೇಲೆ. ಕಿಟಕಿಯ ಹೊರಗೆ ಉಲ್ಹಾಸನಗರ!

ಕಾಗದಗಳನ್ನು ಓದಿ ಅರ್ಥ ಹೇಳುವಷ್ಟು ಕಲಿತೆ. ಆದರೆ ಆ ಪುಸ್ತಕಕ್ಕೆ ಮೊದಲ ಕೆಲವು ಪುಟಗಳು ಇರಲಿಲ್ಲ. ಉಚ್ಚಾರಣೆಯ ಪಾಠ ಅಲ್ಲೇ ಇದ್ದಿತ್ತೆಂದು ನನಗೆ ಆಮೇಲೆ ಗೊತ್ತಾಯಿತು. ಎಷ್ಟು ಆಮೇಲೆ ಎಂದರೆ, ಈ ವರ್ಷ!

ನನ್ನ ಮಗಳು ಸುಪ್ರಿಯಾಳಿಗೆ ನವಿ ಮುಂಬಯಿಯಲ್ಲಿ ಹಡಗಿನ ಸರಕು ಸಾಗಿಸುವ ಆಫೀಸಿನಲ್ಲಿ ಕೆಲಸ. ಒಂದು ಸಂಜೆ ಬಂದು, "ಪಪ್ಪಾ, ಮಮ್ಮಿ, ಮುಝೆ ಕುಛ್ ಬತಾನಾ ಹೈ" ಎಂದಳು. ಏನೋ ಹೇಳುವುದಿದೆಯಂತೆ. ಅವಳು ಹಿಂದಿಗೆ ತಿರುಗಿದರೆ ವಿಷಯ ಗಂಭೀರ ಎಂದು ಅರ್ಥ. ಹುಡುಗ ಅದೇ ಆಫೀಸಿನವನು. ಹೆಸರು ಮಾತೆಯೊ. ಅಲ್ಲೇ ಕಾಮೋಠೆಯಲ್ಲಿ ಬಾಡಿಗೆ ಮನೆ. ಊರು ಪೆರು.

ನನ್ನ ಹೆಂಡತಿ ಜಯಂತಿ, "ಪೆರ್ಡೂರಾ?" ಎಂದಳು.

"ಪೆರ್ಡೂರಲ್ಲ ಮಾರಾಯ್ತಿ, ಪೆರು! ದಕ್ಷಿಣ ಅಮೆರಿಕ!"

ಅವಳು ಕಣ್ಣೊರೆಸಿಕೊಂಡಳು. ಪೆರ್ಡೂರಾಗಿದ್ದರೆ ಉಡುಪಿಯಿಂದ ಒಂದೇ ಬಸ್ಸು. ನನಗೂ ಅದು ಬಹಳ ದೂರವೆನಿಸಿತು. ಆದರೆ ಮರುಕ್ಷಣವೇ ಒಳಗಿನಿಂದ ಮತ್ತೊಂದು ದನಿ ಎದ್ದಿತು: ಮೂವತ್ತು ವರ್ಷ ಕಾಪಾಡಿಕೊಂಡು ಬಂದ ವಿದ್ಯೆಗೆ ಕೊನೆಗೂ ಕಾಲ ಕೂಡಿ ಬಂತು!

ಹುಡುಗ ಬಂದ, ಇಂಗ್ಲಿಷಿನಲ್ಲಿ ಮಾತಾಡಿದ, ಜಯಂತಿಯ ನೀರುದೋಸೆ ತಿಂದ, ಗೆದ್ದ. ಇನ್ನು ಅವನ ತಾಯಿಯೊಬ್ಬರು ಒಪ್ಪಬೇಕು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಗನನ್ನು ಬೆಳೆಸಿದವರು. ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದು. ಹುಡುಗಿಯ ಮನೆಯವರು ಎಂಥವರೆಂದು ಕಣ್ಣಾರೆ ನೋಡಲು ಅಷ್ಟು ದೂರದಿಂದ ಬರುತ್ತಿದ್ದರು.

"ನಾನು ಮೊಬೈಲಿನಲ್ಲಿ ಅನುವಾದದ ಆ್ಯಪ್ ಹಾಕಿಕೊಡುತ್ತೇನೆ" ಎಂದ ಮಾತೆಯೊ.

"ಅಗತ್ಯವಿಲ್ಲ" ಎಂದೆ, ರಾಯಭಾರಿಯ ಗತ್ತಿನಲ್ಲಿ.

ಆ ವಾರವೆಲ್ಲ ಸೊಸೈಟಿಯ ಗೇಟಿನಲ್ಲಿ ನನ್ನದೇ ಉಪನ್ಯಾಸ. ಕೇಳುಗರು ಪಕ್ಕದ ಮನೆಯ ಬಸವರಾಜ, ವಿಜಯಪುರದವರು. "ನೋಡಿ ಬಸವರಾಜ್, ಅದು ಮೊದಲು ಸ್ಪೇನಿನ ಕ್ಯಾಸ್ಟಿಲ್ ಎಂಬ ಸೀಮೆಯ ಆಡುಮಾತು. ಲ್ಯಾಟಿನ್ನಿನ ಮಗಳು. ಅರಬರು ಅಲ್ಲಿ ಶತಮಾನಗಟ್ಟಲೆ ಇದ್ದು ರಾಶಿ ಪದ ಬಿಟ್ಟು ಹೋದರು. ನಮ್ಮ ಸಕ್ಕರೆ ಕೂಡ ಅವರ ಬಾಯಿಂದಲೇ ಅಲ್ಲಿಗೆ ಹೋಗಿ ಅಸೂಕರ್ ಆಯಿತು. ಆಮೇಲೆ ಭಾಷೆ ಹಡಗು ಹತ್ತಿತು. ಈಗ ಇಪ್ಪತ್ತು ದೇಶಗಳಲ್ಲಿ ಸರಕಾರಿ ಭಾಷೆ. ಆಫ್ರಿಕದಲ್ಲೂ ಒಂದು ದೇಶ ಇದೆ! ಮನೆಮಾತಾಗಿ ಆಡುವವರ ಲೆಕ್ಕದಲ್ಲಿ ಚೀನೀ ಭಾಷೆ ಬಿಟ್ಟರೆ ಅದೇ."

"ಅಷ್ಟು ಮಂದಿ ಅದಾರಂದ್ರ ನಮ್ಮ ಸೊಸೈಟ್ಯಾಗ ಒಬ್ಬರೂ ಯಾಕ ಇಲ್ರೀ ರಾಯರ?"

"ಬರುತ್ತಿದ್ದಾರಲ್ಲ!"

"ಇಪ್ಪತ್ತು ದೇಶದವ್ರಿಗೂ ಒಬ್ಬರ ಮಾತು ಒಬ್ಬರಿಗೆ ತಿಳೀತದೇನ್ರಿ?"

"ತಿಳಿಯುತ್ತದೆ. ಆದರೆ ಒಂದೊಂದು ದೇಶಕ್ಕೆ ಒಂದೊಂದು ಧಾಟಿ, ಒಂದೊಂದು ಪದ."

"ಅಂದ್ರ ನಮ್ಮ ನಿಮ್ಮ ಕನ್ನಡದ್ಹಂಗ. ನೀವು ಎಂತ ಅಂತೀರಿ, ನಾವು ಏನ್ ಅಂತೀವಿ. ಜಗಳ ಮಾತ್ರ ಇಬ್ಬರಿಗೂ ತಿಳೀತದ!"

ನನ್ನ ಒಂದು ವಾರದ ಉಪನ್ಯಾಸವನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

ಭಾನುವಾರ ಬಂತು. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಹಾಲಿನಲ್ಲಿ ಅತ್ತಿಂದಿತ್ತ ತಿರುಗುತ್ತ ಸ್ವಾಗತ ವಾಕ್ಯ ಅಭ್ಯಾಸ ಮಾಡಿದೆ. 'ನನ್ನ ಮನೆ ನಿಮ್ಮ ಮನೆ' ಎನ್ನುವುದಕ್ಕೆ ಅವರಲ್ಲಿ 'ಮಿ ಕಾಸ ಎಸ್ ಸು ಕಾಸ' ಎನ್ನುತ್ತಾರೆ. ಕಾಸ ಎಂದರೆ ಮನೆ.

ಜಯಂತಿ ಅಡಿಗೆಮನೆಯಿಂದ ಪೊರಕೆ ಹಿಡಿದೇ ಬಂದಳು. "ಬೆಳಿಗ್ಗೆಯಿಂದ ಎಂತದು ನಿಮ್ಮದು, ಕಸ ಕಸ ಅಂತ? ಎರಡು ಸಲ ಗುಡಿಸಿ ಆಯ್ತು. ಎಲ್ಲುಂಟು ಕಸ, ತೋರಿಸಿ!"

ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಸುಪ್ರಿಯಾ, ಮಾತೆಯೊ, ನಡುವೆ ಬಿಳಿಗೂದಲಿನ, ಗುಂಡು ಮುಖದ, ಹೂವಿನ ಕಸೂತಿಯ ಶಾಲು ಹೊದ್ದ ರೋಸಾ. ನಾನು ಎರಡೂ ಕೈ ಚಾಚಿ, ಪುಸ್ತಕದಲ್ಲಿದ್ದ ಮೊಟ್ಟಮೊದಲ ನಮಸ್ಕಾರದ ಪದವನ್ನು ಗಟ್ಟಿಯಾಗಿ ಹೇಳಿದೆ.

"ಹೊಲ!"

ಅವರು ಮಗನ ಮುಖ ನೋಡಿದರು. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ, "ಹೊಲ! ಹೊಲ!" ಎಂದೆ. ಪಕ್ಕದ ಬಾಗಿಲು ತೆರೆದು ಬಸವರಾಜ ಇಣುಕಿದರು. "ಯಾರ ಹೊಲಾರೀ ರಾಯರ? ಮಾರಾಟಕ್ಕದ ಏನು?"

ಆ ಪದದಲ್ಲಿ 'ಹ' ಬರೆಯುತ್ತಾರೆ, ಉಚ್ಚರಿಸುವುದಿಲ್ಲ. 'ಓಲ' ಎನ್ನಬೇಕು. ಇದೆಲ್ಲ ಆ ಕಳೆದುಹೋದ ಪುಟಗಳಲ್ಲಿತ್ತು!

ಇಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು. ರೋಸಾ ಕೈಚೀಲ ತಡಕಾಡಿ ಗಾಬರಿಯಾದರು. ನಮಗೆಂದು ಪೆರುವಿನಿಂದ ತಂದ ಉಡುಗೊರೆಯ ಚೀಲ ಕಾಮೋಠೆಯಲ್ಲೇ ಉಳಿದಿದೆಯಂತೆ. ಬರಿಗೈಲಿ ಬೀಗರ ಮನೆಗೆ ಬರುವುದೇ? ತರಲೇಬೇಕು ಎಂದು ಹಟ ಹಿಡಿದರು. ಬೀಗದ ಕೈ ಮಾತೆಯೊನ ಹತ್ತಿರ. ನಮ್ಮ ರಸ್ತೆಗಳಲ್ಲಿ ಕಾರು ಓಡಿಸಲು ಅವನಿಗೆ ಹೆದರಿಕೆ, ಓಡಿಸುವವಳು ಸುಪ್ರಿಯಾ. ಹಾಗಾಗಿ ಇಬ್ಬರೂ ಹೊರಡಬೇಕಾಯಿತು.

"ಪಪ್ಪಾ, ಸಂಭಾಳೂನ್ ಘ್ಯಾಲ್ ನಾ?" ಮಗಳು ಮರಾಠಿಯಲ್ಲಿ, ನಿಭಾಯಿಸುತ್ತೀರಿ ತಾನೇ ಎಂದು ಕೇಳಿದಳು.

"ನೀನು ಆರಾಮಾಗಿ ಹೋಗು ಮಗಾ. ನಾನಿಲ್ಲವಾ!"

ಕಾಮೋಠೆಯ ದಾರಿಯಲ್ಲಿರುವ ಶೀಳ್ ರಸ್ತೆಯ ಟ್ರಾಫಿಕ್ಕಿನ ವಿಷಯ ಆಗ ನನಗೆ ನೆನಪಾಗಲಿಲ್ಲ.

ರೋಸಾ ಸೋಫಾದಲ್ಲಿ ಕುಳಿತು, ಹಣೆಯೊರೆಸಿಕೊಂಡು, ನಿಟ್ಟುಸಿರು ಬಿಟ್ಟು, "ಎಸ್ತೊಯ್ ಕನ್ಸಾದ" ಎಂದರು. ನನಗೆ ರೋಮಾಂಚನ! ಒಂದು ವಾಕ್ಯ ಅರ್ಥವಾಯಿತು! ಎಸ್ತೊಯ್ ಎಂದರೆ 'ನಾನು ಇದ್ದೇನೆ'. ಕನ್ಸಾದ ಎಂದರೆ ಮದುವೆಯಾದವಳು. ಪಾಪ, ತೀರಿಕೊಂಡ ಗಂಡನ ನೆನಪಾಗಿರಬೇಕು. ನಾನೂ ನಮ್ಮ ದಾಂಪತ್ಯವನ್ನು ಪರಿಚಯಿಸುವುದು ಮರ್ಯಾದೆಯೆಂದು ಎದ್ದು ನಿಂತು, ಜಯಂತಿಯ ಕಡೆಗೆ ಕೈ ತೋರಿಸಿ, ಹೆಮ್ಮೆಯಿಂದ ಹೇಳಿದೆ:

"ಎಸ್ತೊಯ್ ಕನ್ಸಾದೊ! ತ್ರೆಯಿಂತ ಆಞೊಸ್!"

ತ್ರೆಯಿಂತ ಎಂದರೆ ಮೂವತ್ತು, ಆಞೊಸ್ ಎಂದರೆ ವರ್ಷಗಳು. ನಮ್ಮ ವರ್ಣಮಾಲೆಯಲ್ಲಿ ಯಾರೂ ಕೇಳದೆ ಮೂಲೆಯಲ್ಲಿ ಕೂತಿರುವ ಆ 'ಞ' ಇದೆಯಲ್ಲ, ಅದಿಲ್ಲದೆ ಸ್ಪ್ಯಾನಿಷಿನವರಿಗೆ ವರ್ಷವೇ ಕಳೆಯುವುದಿಲ್ಲ. ಅದನ್ನಂತೂ ಒಂದನೇ ಕ್ಲಾಸಿನ ಮಾಸ್ತರರು ಕೇಳಿದರೂ ಭೇಷ್ ಎನ್ನುವಂತೆ ಉಚ್ಚರಿಸಿದೆ.

ರೋಸಾ ಅವರ ಮುಖ ಬದಲಾಯಿತು. ನನ್ನನ್ನು ಒಮ್ಮೆ, ಜಯಂತಿಯನ್ನು ಒಮ್ಮೆ ನೋಡಿದರು. ಎದ್ದು ಹೋಗಿ ಜಯಂತಿಯ ಎರಡೂ ಕೈ ಹಿಡಿದು, ಬೆನ್ನು ಸವರಿದರು.

"ಎಂತ ಹೇಳಿದ್ರಿ ಅವರಿಗೆ?" ಜಯಂತಿ ಪಿಸುಗುಟ್ಟಿದಳು.

"ನಿನ್ನ ಪರಿಚಯ ಮಾಡಿಕೊಟ್ಟೆ."

"ಮತ್ತೆ ಸತ್ತವರ ಮನೆಯಲ್ಲಿ ಮಾಡಿದ ಹಾಗೆ ಯಾಕೆ ಮಾಡ್ತಾರೆ?"

ಅಷ್ಟರಲ್ಲಿ ಸುಪ್ರಿಯಾಳ ಫೋನ್: ದಾರಿಯಲ್ಲಿ ಸಿಕ್ಕಿಬಿದ್ದಿದ್ದೇವೆ, ಊಟಕ್ಕೆ ಕಾಯಬೇಡಿ. ಎಲೆ ಹಾಕಿದೆವು. ಸಾರು ಬಡಿಸಿದಾಗ ರೋಸಾ ಒಂದು ಗುಟುಕು ಕುಡಿದು, ಕಣ್ಣರಳಿಸಿ, ಬೆರಳಿನಿಂದ ಏನೋ ಚೂರು ಮಾಡುವಂತೆ ತೋರಿಸಿ, "ಪಾನ್?" ಎಂದು ಕೇಳಿದರು.

ಊಟದ ನಡುವೆ ಪಾನ್! ಅವರವರ ಪದ್ಧತಿ, ನಾವ್ಯಾರು ಕೇಳಲು? ಚಪ್ಪಲಿ ಮೆಟ್ಟಿ, ಮಟಮಟ ಮಧ್ಯಾಹ್ನ ರಸ್ತೆ ಕೂಡುವ ನಾಕಾದ ಪಾನ್‌ವಾಲಾನ ಹತ್ತಿರ ಓಡಿದೆ. ಗುಲ್ಕಂದ್ ಜಾಸ್ತಿ ಹಾಕಿಸಿ, ಮೇಲೆ ಚೆರ್ರಿ ಚುಚ್ಚಿಸಿ ತಂದು ಎಲೆಯ ಪಕ್ಕ ಇಟ್ಟೆ. ರೋಸಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಧೈರ್ಯ ಮಾಡಿ ಸಾರಿನಲ್ಲಿ ಅದ್ದಿ ಕಚ್ಚಿದರು!

ಮೆಣಸು, ಹುಳಿ, ಇಂಗು, ಗುಲ್ಕಂದ್. ಅವರ ಕಣ್ಣಲ್ಲಿ ನೀರು ತುಂಬಿತು. ಆದರೂ ಬೀಗರ ಮನೆಯೆಂದು ಉಗುಳದೆ ನುಂಗಿದರು. ಅಂಥ ತಾಯಿ! ಜಯಂತಿ ಓಡಿ ಹೋಗಿ ಮಜ್ಜಿಗೆ ತಂದು ಕುಡಿಸಿ, ನನ್ನ ಕಡೆ ನೋಡಿದ ನೋಟವನ್ನು ಯಾವ ಭಾಷೆಗೂ ಅನುವಾದಿಸುವುದು ಬೇಡ.

ಸುಪ್ರಿಯಾ, ಮಾತೆಯೊ ಉಡುಗೊರೆಯ ಚೀಲ ಹಿಡಿದು ಬಂದಾಗ ಹಾಲಿನಲ್ಲಿ ನಾನೊಬ್ಬನೇ ಕೂತಿದ್ದೆ. ಹೆಂಗಸರಿಬ್ಬರೂ ಅಡಿಗೆಮನೆಯಲ್ಲಿದ್ದರು. ಮಾತೆಯೊ ಒಳಗೆ ಹೋಗಿ ತಾಯಿಯೊಂದಿಗೆ ಬಹಳ ಹೊತ್ತು ಮಾತಾಡಿ, ತುಟಿ ಕಚ್ಚಿಕೊಂಡು ಹೊರಬಂದ.

"ಅಂಕಲ್, ನೀವು ಅಮ್ಮನಿಗೆ, 'ಈ ಹೆಂಗಸಿನಿಂದ ಮೂವತ್ತು ವರ್ಷಗಳಿಂದ ದಣಿದುಹೋಗಿದ್ದೇನೆ' ಎಂದಿರಾ?"

ಕನ್ಸಾದೊ ಎಂದರೆ ದಣಿದವನು. ಮದುವೆಯಾದವನು ಎಂದರೆ ಕಸಾದೊ. ನಡುವೆ ಒಂದೇ ಒಂದು 'ನ'!

"ಪ್ರಯಾಣದಿಂದ ಸುಸ್ತಾಗಿದೆ ಎಂದು ಅಮ್ಮ ಹೇಳಿದ್ದು. ಮತ್ತೆ ಅವರು ಕೇಳಿದ್ದು ಬ್ರೆಡ್. ನಮ್ಮಲ್ಲಿ ಪಾನ್ ಎಂದರೆ ಬ್ರೆಡ್, ಅಂಕಲ್. ನಿಮ್ಮ ಪಾವ್."

ಸುಪ್ರಿಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮಗಳ ಮದುವೆಯನ್ನು ನಾನೇ ಮುರಿದೆನೆ? "ಅಮ್ಮ... ಏನಂತಾರೆ?" ಎಂದೆ, ಅಪ್ಪಟ ಕನ್ನಡದಲ್ಲಿ.

ಆಗ ಅಡಿಗೆಮನೆಯಿಂದ ನಗು ಕೇಳಿಸಿತು. ಇಣುಕಿ ನೋಡಿದೆ. ರೋಸಾ ನೀರುದೋಸೆ ಹೊಯ್ಯುತ್ತಿದ್ದರು. ಜಯಂತಿ ತುಳುವಿನಲ್ಲಿ ಹೇಳಿಕೊಡುತ್ತಿದ್ದಳು. ರೋಸಾ ಸ್ಪ್ಯಾನಿಷಿನಲ್ಲಿ ಉತ್ತರಿಸುತ್ತಿದ್ದರು. ದೋಸೆ ಹರಿದಾಗ ಇಬ್ಬರೂ ಒಟ್ಟಿಗೆ ನಗುತ್ತಿದ್ದರು. ಒಂದು ಪದವೂ ಅರ್ಥವಾಗದೆ ಎಲ್ಲವೂ ಅರ್ಥವಾಗಿತ್ತು. ಮದುವೆ ಅಲ್ಲೇ, ಕಾವಲಿಯ ಮುಂದೆಯೇ ನಿಶ್ಚಯವಾಗಿಬಿಟ್ಟಿತ್ತು!

ಸಂಜೆ ಚಹಾ ಕುಡಿಯುತ್ತ ರೋಸಾ ತಮ್ಮ ಹಳೆಯ ದಿನಗಳ ಕತೆ ಹೇಳಿದರು. ಮಾತೆಯೊ ಇಂಗ್ಲಿಷ್ ಮಾಡಿದ. ಅವರು ಹುಡುಗಿಯಾಗಿದ್ದಾಗ ಉಣ್ಣೆಯ ಗಿರಣಿಯಲ್ಲಿ ಬಣ್ಣದ ಕೋಣೆಯಲ್ಲಿ ದುಡಿಯುತ್ತಿದ್ದರಂತೆ. ಕೆಲವು ಬಣ್ಣದ ಪೀಪಾಯಿಗಳ ಮೇಲೆ ಇಂಡಿಯಾ ಎಂದು ಬರೆದಿರುತ್ತಿತ್ತಂತೆ. ಕೆಂಪಿನಲ್ಲಿ ಅದ್ದಿದ ಕೈ ವಾರವಾದರೂ ಬಿಳಿಯಾಗುತ್ತಿರಲಿಲ್ಲವಂತೆ.

ನಾನು ಕಪ್ಪು ಕೆಳಗಿಟ್ಟು ಎದ್ದು ನಿಂತೆ. "ಅದು ನಮ್ಮ ಅಂಬರನಾಥದ್ದೇ!"

"ಇಡೀ ಇಂಡಿಯಾದಲ್ಲಿ ನಿಮ್ಮದೊಂದೇ ಫ್ಯಾಕ್ಟರಿಯಾ?" ಎಂದಳು ಜಯಂತಿ.

ಇರಲಾರದು. ಆದರೂ ನಾನು ಹಾಗೆಯೇ ನಂಬಿದೆ. ಫ್ಯಾಕ್ಟರಿ ಮುಚ್ಚಿ ಅಲ್ಲೀಗ ಇಪ್ಪತ್ತೆರಡು ಮಹಡಿಯ ಕಟ್ಟಡ ನಿಂತಿದೆ. ಮ್ಯಾನೇಜರ್ ಸಾಹೇಬರು ಇಲ್ಲ. ನೀಲಿ ಲಕೋಟೆಗಳು ರದ್ದಿಗೆ ಹೋದವು. ಆದರೆ ಆ ಕಾಗದಗಳ ಇನ್ನೊಂದು ತುದಿಯಲ್ಲಿ, ಕೆಂಪು ಕೈಗಳ ಒಬ್ಬ ಹುಡುಗಿ ಇದ್ದಳಲ್ಲ, ಆಕೆ ಈಗ ನನ್ನ ಸೋಫಾದಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಸ್ವಲ್ಪ ಹೊತ್ತು ನನಗೆ ಯಾವ ಭಾಷೆಯಲ್ಲೂ ಮಾತು ಹೊರಡಲಿಲ್ಲ. ಮನೆಯವರಿಗೆಲ್ಲ ಅದೊಂದು ನೆಮ್ಮದಿ!

ಹೊರಡುವಾಗ ರೋಸಾ ನನ್ನ ಕೈ ಕುಲುಕಿ ಏನೋ ಬಹಳ ಪ್ರೀತಿಯಿಂದ ಹೇಳಿದರು. ಮಾತೆಯೊ ಅನುವಾದಿಸಲು ಹಿಂಜರಿದ. ನಾನು ಬಿಡಲಿಲ್ಲ.

"ನಿಮ್ಮ ಕನ್ನಡ ಕೇಳಲು ಬಹಳ ಇಂಪಾಗಿದೆ ಎನ್ನುತ್ತಾರೆ, ಅಂಕಲ್. ಆ ದಣಿವಿನ ಮಾತೊಂದನ್ನು ಬಿಟ್ಟು, ಬೆಳಿಗ್ಗೆಯಿಂದ ನೀವು ಅವರ ಹತ್ತಿರ ಮಾತಾಡಿದ್ದೆಲ್ಲ ಕನ್ನಡ ಎಂದುಕೊಂಡಿದ್ದಾರೆ. ನಡುನಡುವೆ ಒಂದೊಂದು ಪದ ನಮ್ಮ ಸ್ಪ್ಯಾನಿಷ್ ಹಾಗೇ ಕೇಳಿಸಿತಂತೆ. ಮದುವೆಯೊಳಗೆ ನಿಮ್ಮ ಹತ್ತಿರ ಕನ್ನಡ ಕಲಿಯಬೇಕಂತೆ."

"ಬೇಡವೇ ಬೇಡ!" ಜಯಂತಿ ನಡುವೆ ಬಂದಳು. "ಕನ್ನಡಕ್ಕೂ ಅದೇ ಗತಿ ಮಾಡ್ತಾರೆ ಇವರು. ನಾನು ಕಲಿಸ್ತೇನೆ."

ಪೆರುವಿಗೆ ಮರಳಿದ ರೋಸಾ ಅವರಿಗೆ ಈಗ ಪ್ರತಿ ಭಾನುವಾರ ವೀಡಿಯೊ ಕಾಲಿನಲ್ಲಿ ಪಾಠ ನಡೆಯುತ್ತದೆ. ರೋಸಾ 'ಊಟ ಆಯ್ತಾ?' ಎಂದು ನಮ್ಮ ಸುಪ್ರಿಯಾಳಿಗಿಂತ ಚೆನ್ನಾಗಿ ಕೇಳುತ್ತಾರೆ. ಜಯಂತಿಯೂ ಅಷ್ಟಿಷ್ಟು ಸ್ಪ್ಯಾನಿಷ್ ಆಡುತ್ತಾಳೆ, ಅದೂ ಸರಿಯಾದ ಉಚ್ಚಾರಣೆಯಲ್ಲಿ. ನಾನೂ ಪ್ರತಿ ಪಾಠಕ್ಕೆ ತಪ್ಪದೆ ಹಾಜರಿರುತ್ತೇನೆ.

ಫೋನ್ ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ!