ಪುಕ್ಕಟೆ ರೋಗಿ

ಪುಕ್ಕಟೆ ಸಿಗುತ್ತದೆ ಅಂದರೆ ಸಾಕು, ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಇದು ಹುಟ್ಟುಗುಣ. ಬಿಡಿಸಲು ನಮ್ಮವ್ವ ಬೆತ್ತದಿಂದ ಹಿಡಿದು ಹರಕೆಯವರೆಗೆ ಎಲ್ಲ ಮಾಡಿ ಕೈಚೆಲ್ಲಿದ್ದಾಳೆ. ಶೇಂಗಾ ಕೊಳ್ಳಲೆಂದು ಸಂತೆಗೆ ಹೋದರೆ ಒಂದೊಂದು ರಾಶಿಯಿಂದಲೂ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ರುಚಿ ನೋಡುತ್ತ ಹೋಗುತ್ತೇನೆ. ಸಂತೆಯ ಆ ತುದಿ ಮುಟ್ಟುವ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ. ಹೊಟ್ಟೆ ತುಂಬಿದವನಿಗೆ ಶೇಂಗಾ ಯಾಕೆ ಅಂತ ಖಾಲಿ ಚೀಲ ಬೀಸಿಕೊಂಡು ಮನೆಗೆ ಬರುತ್ತೇನೆ. ಗೊಬ್ಬರದ ಅಂಗಡಿಯವರು, ಬೀಜದ ಅಂಗಡಿಯವರು ಕೊಟ್ಟ ಕ್ಯಾಲೆಂಡರುಗಳು ನಮ್ಮ ಮನೆಯಲ್ಲಿ ಕೋಣೆಗೆರಡರಂತೆ ತೂಗುತ್ತವೆ. ನಮಗೆ ಒಂದು ಗುಂಟೆ ಹೊಲವೂ ಇಲ್ಲ. ಇಂಥವನ ಮುಂದೆ ನನ್ನ ಹೆಂಡತಿ ಸರೋಜ ಒಂದು ದಿನ, "ಇಂಗ್ಲಿಷ್ ಪರೀಕ್ಷೆ ಕಟ್ಬೇಕು ರೀ. ಕೋಚಿಂಗಿಗೆ ಹೋಗೋಕೆ ರಜೆ ಸಿಗಲ್ಲ, ಏನ್ ಮಾಡೋದು?" ಅಂದಾಗ ನಾನು ಹಿಂದುಮುಂದು ನೋಡದೆ ಎದೆ ತಟ್ಟಿಕೊಂಡೆ. "ಕೋಚಿಂಗ್ ಯಾಕೇ ಬೇಕು? ಎಲ್ಲಾ ಪುಕ್ಕಟೆ ಐತೆ. ನಾನು ಹುಡುಕಿ ಕೊಡ್ತೀನಿ ಬಿಡು." ಆ ಪರೀಕ್ಷೆ ಪಾಸಾದರೆ ಅವಳು ಪರದೇಶದ ಆಸ್ಪತ್ರೆಗೆ ಹೋಗುತ್ತಾಳೆ, ನಾನು ಇಲ್ಲೇ ಉಳಿಯುತ್ತೇನೆ ಅನ್ನುವುದು ಮಾತು ಕೊಟ್ಟಾದ ಮೇಲೆ ನಿಧಾನವಾಗಿ ತಲೆಗಿಳಿಯಿತು.

ಸರೋಜ ಚಳ್ಳಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ನಾನು ಬಸ್‌ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟವನು. ಮನೆಯಲ್ಲಿರುವುದು ನಾವಿಬ್ಬರೇ. ಅವಳ ಕೈಕೆಳಗೆ ಕೆಲಸ ಕಲಿತ ಹುಡುಗಿಯೊಬ್ಬಳು ಇಂಗ್ಲೆಂಡಿಗೆ ಹೋಗಿ, ಅಲ್ಲಿನ ವಾರ್ಡಿನ ಫೋಟೋ ಕಳಿಸಿದ್ದಳು. ಸರೋಜ ಅದನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು. ಹುಡುಗಿಯ ಮುಖವನ್ನಲ್ಲ, ಹಿಂದಿನ ಮಂಚಗಳನ್ನು. "ಒಬ್ಬೊಬ್ರಿಗೆ ಕೆಲವೇ ಪೇಷಂಟಂತೆ ರೀ. ಪಕ್ಕದಲ್ಲಿ ಕೂತು ಮಾತಾಡಿಸೋಕೆ ಟೈಮ್ ಸಿಗ್ತೈತಂತೆ. ಒಂದ್ ಎರಡ್ಮೂರು ವರ್ಷ ಅಂಥ ಕಡೆ ಕೆಲಸ ಮಾಡಿ ಬರ್ಬೇಕು ಅನ್ಸುತ್ತೆ" ಅಂದಳು. ಚಿನ್ನ ಬೇಕು ಅಂದಿದ್ದರೆ ಜಗಳವಾಡಬಹುದಿತ್ತು. ತನ್ನ ಕೆಲಸವನ್ನೇ ಇನ್ನಷ್ಟು ಚೆನ್ನಾಗಿ ಮಾಡಬೇಕು ಅನ್ನುವವಳ ಹತ್ತಿರ ಏನಂತ ಜಗಳವಾಡುವುದು?

ಹುಡುಕಲು ಕೂತೆ. ಪುಕ್ಕಟೆ ಪಾಠದ ವೀಡಿಯೋಗಳಿಗೆ ಲೆಕ್ಕವೇ ಇರಲಿಲ್ಲ. ಒಬ್ಬ ಮೇಷ್ಟ್ರು ಅರ್ಧ ವೀಡಿಯೋ ಮುಗಿಯುವವರೆಗೂ ಗಂಟೆ ಒತ್ತಿ, ಗಂಟೆ ಒತ್ತಿ ಅಂತ ಬೇಡಿಕೊಂಡು, ಉಳಿದರ್ಧದಲ್ಲಿ ಮುಂದಿನ ವೀಡಿಯೋದಲ್ಲಿ ಏನು ಹೇಳುತ್ತೇನೆ ಅನ್ನುವುದನ್ನು ಹೇಳಿದರು. ಒಂದು ಟೆಲಿಗ್ರಾಂ ಗುಂಪಿಗೆ ಸೇರಿದೆ. ಅಲ್ಲಿ ಸಾವಿರಾರು ಜನ "ಸಾರ್, ಮೆಟೀರಿಯಲ್ ಕಳಿಸಿ" ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದರು, ಕಳಿಸುವ ಪುಣ್ಯಾತ್ಮ ಯಾರೂ ಇರಲಿಲ್ಲ. ಇನ್ನೊಂದು ಕಡೆ ಪ್ರಶ್ನೆಪತ್ರಿಕೆ ಪುಕ್ಕಟೆ, ಉತ್ತರ ನೋಡಬೇಕಾದರೆ ದುಡ್ಡು. ಒಂದೇ ಪುಸ್ತಕ ಬೇರೆ ಬೇರೆ ಹೆಸರು ಹೊತ್ತು ಬಂದಿತು. ನಾನು ಎಲ್ಲವನ್ನೂ ಪ್ರಿಂಟ್ ತೆಗೆದು, ಸ್ಪೈರಲ್ ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಕೂರಿಸಿ ಮನೆಗೆ ಹೊತ್ತೊಯ್ದೆ. ಸ್ವಂತ ಮಿಷಿನ್ನು ಇದ್ದವನಿಗೆ ಇದೊಂದು ಚಟ. ಕೊನೆಗೆ ನೋಡಿದರೆ ಪರೀಕ್ಷೆ ನಡೆಸುವವರೇ ತಮ್ಮ ವೆಬ್‌ಸೈಟಿನಲ್ಲಿ ಮಾದರಿ ಪತ್ರಿಕೆ, ಕೇಳುವ ಧ್ವನಿ, ಉತ್ತರ ಎಲ್ಲವನ್ನೂ ಬಿಡಿಗಾಸೂ ಕೇಳದೆ ಇಟ್ಟಿದ್ದರು. ಊರೆಲ್ಲ ಸುತ್ತಿ ಬಂದ ಮೇಲೆ ನನಗೆ ಬಾಗಿಲು ಕಂಡಿತ್ತು. ಸರೋಜ ಸ್ಪೈರಲ್ ರಾಶಿಯನ್ನು ನೋಡಿ, "ಇದನ್ನೆಲ್ಲ ಓದಿ ಮುಗಿಸೋ ಹೊತ್ತಿಗೆ ರಿಟೈರ್ ಆಗಿರ್ತೀನಿ" ಅಂದಳು. ನನ್ನ ಮನಸ್ಸಿನಲ್ಲಿ ಒಂದು ಸಣ್ಣ ಆಸೆ ಮೂಡಿದ್ದು ಆಗಲೇ.

ನರ್ಸುಗಳಿಗಾಗಿಯೇ ಇರುವ ಈ ಪರೀಕ್ಷೆಯಲ್ಲಿ ಮಾತಿನ ಭಾಗವೆಂದರೆ ಒಂದು ಪುಟ್ಟ ನಾಟಕ. ಪರೀಕ್ಷೆ ಮಾಡುವವರು ರೋಗಿ, ಬರೆಯಲು ಬಂದವರು ನರ್ಸು. ಇಬ್ಬರಿಗೂ ಒಂದೊಂದು ಚೀಟಿ ಕೊಡುತ್ತಾರೆ. ರೋಗಿಗೆ ಏನು ಕಾಯಿಲೆ, ಯಾತಕ್ಕೆ ಹಟ ಹಿಡಿಯಬೇಕು ಅನ್ನುವುದು ಅದರಲ್ಲಿರುತ್ತದೆ. ಅಭ್ಯಾಸಕ್ಕೆ ಚೀಟಿಗಳು ಬೇಕಾದಷ್ಟು ಸಿಕ್ಕವು, ರೋಗಿ ಸಿಗಲಿಲ್ಲ. ಹಾಗಾಗಿ ಅಂಗಡಿ ಮುಚ್ಚಿ ಬಂದ ಮೇಲೆ ದಿನಾ ಸಂಜೆ ನಾನು ಮಂಚದ ಮೇಲೆ ಮಲಗತೊಡಗಿದೆ. ಸಕ್ಕರೆ ಕಾಯಿಲೆ, ಪಿತ್ತದ ಕಲ್ಲು, ಮುರಿದ ಕಾಲು, ಎಲ್ಲವನ್ನೂ ಅನುಭವಿಸಿದೆ. ಒಂದು ಸಂಜೆ ತುಂಬು ಬಸುರಿಯೂ ಆಗಿದ್ದೆ. ಹೈಸ್ಕೂಲಿನ ನಾಟಕದಲ್ಲಿ ನನಗೆ ಹೆಣದ ಪಾರ್ಟು ಸಿಕ್ಕಿತ್ತು; ಅದಕ್ಕೆ ಹೋಲಿಸಿದರೆ ಇದು ಬಡ್ತಿ. ನರಳುವುದು ಜಾಸ್ತಿ ಆಯಿತೆಂದು ಸರೋಜ ಬೈಯುತ್ತಿದ್ದಳು.

ತೊಂದರೆ ಅವಳ ಬೈಗುಳದ್ದೇ ಆಗಿತ್ತು. ನಮ್ಮ ಕಡೆ ನರ್ಸಮ್ಮ ಬೈದರೇನೇ ಆರೈಕೆ. "ಯಜಮಾನ್ರೇ, ಸುಮ್ನೆ ಮಲ್ಕೊಳ್ರಿ. ಡಾಕ್ಟ್ರಿಗಿಂತ ನಿಮಗೇ ಜಾಸ್ತಿ ಗೊತ್ತೈತಾ?" ಅಂತ ಗದರಿದರೆ ಪರಶುರಾಂಪುರದಿಂದ ಬಂದ ತಾತನಿಗೆ ಧೈರ್ಯ; ಇಷ್ಟು ಬೈಯುತ್ತಾಳೆ ಅಂದಮೇಲೆ ನಾನು ಸಾಯುವುದಿಲ್ಲ ಅಂತ ಗೋಡೆ ಕಡೆ ತಿರುಗಿ ನಿದ್ದೆ ಮಾಡುತ್ತಾನೆ. ಅವಳೇನಾದರೂ ಮೆತ್ತಗೆ ಮಾತಾಡಿದರೆ ಹೊರಗೆ ಕೂತ ನೆಂಟರು ಅಳಲು ಶುರುಮಾಡುತ್ತಾರೆ. ಪರೀಕ್ಷೆಯಲ್ಲಿ ಹಾಗಲ್ಲ. ರೋಗಿ ಹೆದರಿಕೆ ಅಂದರೆ, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ ಅನ್ನಬೇಕು. ಸ್ವಲ್ಪ ತಡೆದು, ಯಾವುದು ನಿಮ್ಮನ್ನು ಹೆಚ್ಚು ಕಾಡುತ್ತಿದೆ ಅಂತ ಕೇಳಬೇಕು. ಮೊದಮೊದಲು ಸರೋಜ ನನ್ನನ್ನು ಇಂಗ್ಲಿಷಿನಲ್ಲಿಯೇ ಗದರಿದಳು. ಆಮೇಲೆ ಕಲಿತಳು, ಚೆನ್ನಾಗಿಯೇ ಕಲಿತಳು. ಒಂದು ಸಂಜೆ ನಾನು ಕೆಮ್ಮಿ ನಿದ್ದೆಗೆಟ್ಟ ಇಂಗ್ಲಿಷ್ ಮುದುಕನಾಗಿ ಮಲಗಿದ್ದಾಗ ನನ್ನ ಮುಖವನ್ನೇ ನೋಡಿ, ನಿಮಗೆ ಎಷ್ಟು ಕಷ್ಟವಾಗುತ್ತಿದೆ ಅಂತ ಕಾಣುತ್ತಿದೆ ಅಂತ ಅಷ್ಟು ಮೃದುವಾಗಿ ಅಂದಳು. ಮದುವೆಯಾದಾಗಿನಿಂದ ನನಗೆಷ್ಟೋ ಸಲ ಕೆಮ್ಮು ಬಂದಿದೆ. "ಬೀಡಿ ಬಿಡ್ರಿ" ಅನ್ನುವುದರ ಹೊರತು ಬೇರೆ ಮಾತು ಕೇಳಿದ ನೆನಪಿಲ್ಲ. ಆ ಮುದುಕನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಧ್ವನಿ ಕೇಳಿಸಿಕೊಂಡು ಉತ್ತರ ಬರೆಯುವ ಭಾಗದ್ದು ಬೇರೆಯೇ ಕಥೆ. ಮನೆಯಲ್ಲಿ ಎಷ್ಟು ಸದ್ದಿಲ್ಲದೆ ಕೂರಿಸಿದರೂ ಆ ಧ್ವನಿಗಳು ಅವಳ ತಲೆಗೆ ಹೋಗುತ್ತಿರಲಿಲ್ಲ. ಒಂದು ಭಾನುವಾರ ಮೊಳಕಾಲ್ಮೂರಿನ ಅವಳ ತವರಿಗೆ ಹೊರಟೆವು. ಬಸ್ಸಿನಲ್ಲಿಯೂ ಅಭ್ಯಾಸ ಬಿಡಬಾರದೆಂದು ನಾನು ಇಂಗ್ಲಿಷಿನಲ್ಲಿ, ನಿನಗೆ ಬಹಳ ದಿನದಿಂದ ಇರುವ ಆಸೆ ಯಾವುದು ಅಂತ ಕೇಳಿದೆ. ಅವಳು ಯೋಚನೆಯನ್ನೇ ಮಾಡದೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಕು ಅಂದಳು. ನನಗೆ ವಾಂತಿ ಬರುತ್ತದೆ ಅಂತ ಇಷ್ಟು ವರ್ಷವೂ ಕಿಟಕಿ ಪಕ್ಕ ನಾನೇ ಕೂತಿದ್ದೆ. "ಮೊದಲೇ ಹೇಳೋದಲ್ವಾ?" ಅಂದೆ. "ನೀವು ಇವತ್ತು ಕೇಳಿದ್ರಿ" ಅಂದಳು. ಎದ್ದು ಜಾಗ ಕೊಟ್ಟೆ. ಅವಳು ಗಾಳಿಗೆ ಮುಖ ಕೊಟ್ಟು ಹೊರಗೆ ನೋಡುತ್ತ ಕೂತಳು, ಬಿ.ಜಿ. ಕೆರೆ ಬರುವಷ್ಟರಲ್ಲಿ ನಾನು ಡ್ರೈವರಿಗೆ ಬಸ್ಸು ನಿಲ್ಲಿಸು ಅಂತ ಕೂಗಿದೆ.

ನಮ್ಮ ಮಾವ ರೇಷ್ಮೆ ಸೀರೆ ನೇಯುವವರು. ಅವರ ಮನೆಯ ನಡುಕೋಣೆಯೇ ಮಗ್ಗ. ಅಮಾವಾಸ್ಯೆ ಬಿಟ್ಟರೆ ಅದನ್ನು ನಿಲ್ಲಿಸಿದವರಲ್ಲ; ನಮ್ಮ ಮದುವೆಯ ಮಾತುಕತೆಗೂ ನೇಯುತ್ತಲೇ ಒಪ್ಪಿಗೆ ಕೊಟ್ಟಿದ್ದರಿಂದ, ಅದು ಅವರು ಹೂಂಗುಟ್ಟಿದ್ದೋ ಲಾಳಿಯ ಸದ್ದೋ ಅಂತ ನಮ್ಮಪ್ಪನಿಗೆ ಬಹಳ ಕಾಲ ಅನುಮಾನವಿತ್ತು. ಸರೋಜ ಆ ಸದ್ದಿನ ಪಕ್ಕದಲ್ಲೇ ಕೂತು ಫೋನು ಜೋರು ಮಾಡಿ ಕೇಳಿದಳು. ಆಶ್ಚರ್ಯವೆಂದರೆ ಹೆಚ್ಚುಕಡಿಮೆ ಎಲ್ಲ ಉತ್ತರವೂ ಸರಿ! ಮಗ್ಗದ ಸದ್ದಿನೊಳಗೇ ಹುಟ್ಟಿ, ಅದರೊಳಗೇ ಮಗ್ಗಿ ಕಲಿತು, ಅದರೊಳಗೇ ಎಸ್ಸೆಸ್ಸೆಲ್ಸಿ ಪಾಸಾದ ಕಿವಿ ಅದು. ಆ ಸದ್ದಿದ್ದರೇನೇ ಅದಕ್ಕೆ ಏಕಾಗ್ರತೆ. ಇಂಥ ಕೋಚಿಂಗ್ ಸೆಂಟರು ಬೆಂಗಳೂರಿನಲ್ಲಿಯೂ ಇಲ್ಲ ಅಂತ ಬೀಗುತ್ತ ಪ್ರತಿ ಭಾನುವಾರ ಅಲ್ಲಿಗೇ ಹೋದೆವು. ಪರೀಕ್ಷೆಯ ಕೋಣೆಯಲ್ಲಿ ಮಗ್ಗ ಇರುವುದಿಲ್ಲ ಅನ್ನುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಪರೀಕ್ಷೆ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ, "ಅಲ್ಲಿ ಏನೂ ಸದ್ದೇ ಇರ್ಲಿಲ್ಲ ರೀ. ನನ್ನ ಉಸಿರೇ ಕೇಳ್ತಿತ್ತು, ಅವರು ಹೇಳಿದ್ದು ಕೇಳ್ಲಿಲ್ಲ" ಅಂದಳು. ಸಾಲದ್ದಕ್ಕೆ ಮಾತಿನ ಭಾಗದಲ್ಲಿ ಅವಳು ಮಗ್ಗದ ಮನೆಯ ಗಂಟಲಿನಲ್ಲಿ ಮಾತಾಡಿದ್ದಕ್ಕೆ ರೋಗಿಯಾದವರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರಂತೆ. ಫಲಿತಾಂಶ ಬಂದಾಗ ಕೇಳುವುದರಲ್ಲಿ ಕಡಿಮೆಯಾಗಿತ್ತು. ನನಗೆ ಖುಷಿಯಾಯಿತು. ಮುಚ್ಚಿಡುವುದೇನು, ಬಹಳ ಖುಷಿಯಾಯಿತು. ಬಾಯಲ್ಲಿ "ಅಯ್ಯೋ ಪಾಪ" ಅಂದೆ, ಆದರೆ ದಾರಿಯಲ್ಲಿ ಮೈಸೂರುಪಾಕು ಕಟ್ಟಿಸಿಕೊಂಡು ಬಂದಿದ್ದೆ. ಅವಳು ಪೊಟ್ಟಣವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಆ ಮೈಸೂರುಪಾಕನ್ನು ನಾನೊಬ್ಬನೇ ತಿನ್ನಬೇಕಾಯಿತು.

ಮುಂದಿನ ಭಾನುವಾರ ಮಾವನಿಗೆ ವಿಷಯ ಹೇಳಿದೆವು. ಅವರು ನೇಯುತ್ತಲೇ ಎಲ್ಲ ಕೇಳಿದರು. ಆಮೇಲೆ ಲಾಳಿಯನ್ನು ಪಕ್ಕಕ್ಕಿಟ್ಟರು. ಆ ಮನೆಯಲ್ಲಿ ಹಗಲು ಹೊತ್ತು ಅಷ್ಟು ಮೌನವನ್ನು ನಾನು ಕೇಳಿರಲಿಲ್ಲ; ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದ್ದೂ ಒಳಗೆ ಕೇಳಿತು. "ಓದಮ್ಮಾ" ಅಂದರು. ನಾನು, "ಕೆಲಸ ನಿಲ್ಲಿಸ್ಬಿಟ್ರಲ್ಲ ಮಾವ" ಅಂದೆ. "ಸೀರೆ ತಡ ಆದ್ರೆ ಆಗ್ಲಿ ಬಿಡ್ರಿ ಅಳಿಯಂದಿರೇ. ಮಗು ಓದ್ತೈತೆ." ಮಗುವಿಗೆ ನಲವತ್ತು ಹತ್ತಿರವಾಗಿತ್ತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಕೈಕಟ್ಟಿ, ಅರ್ಥವಾಗದ ಇಂಗ್ಲಿಷನ್ನು ಅವಳೊಡನೆ ತಾವೂ ಕೇಳುತ್ತ ಕೂತರು. ಧ್ವನಿ ನಿಂತಾಗ, ಅವರಿಗೇನಾಗಿದೆಯಂತೆ ಅಂತ ಮನೆಮಾತಾದ ತೆಲುಗಿನಲ್ಲಿ ಮಗಳನ್ನು ಕೇಳಿದರು: "ಏಮ್ಮಾ, ಆಯನಕಿ ಏಮೈಂದಂಟ?" ಸರೋಜ, "ಬೆನ್ನು ನೋವಂತಪ್ಪ" ಅಂದಳು. ಮಾವ ತಮ್ಮ ಬೆನ್ನನ್ನು ನೆಟ್ಟಗೆ ಮಾಡಿಕೊಂಡು, "ಪಾಪ, ಅವರಿಗೂ ನೋಯ್ತೈತಾ? ಹಂಗಾದ್ರೆ ಹೋಗಿ ನೋಡ್ಕೋ ತಾಯಿ" ಅಂದರು. ಹೇಳಿ ಮುಗಿಸಿ ಸೀರೆಯ ಅಂಚನ್ನು ಸುಮ್ಮಸುಮ್ಮನೆ ಸವರುತ್ತಿದ್ದರು. ಮಗಳು ದೂರ ಹೋಗುವುದನ್ನು ಕಲಿಯಲಿ ಅಂತ ಈ ಮನುಷ್ಯ ಮಗ್ಗ ನಿಲ್ಲಿಸಿ ಕೂತಿದ್ದಾರೆ, ನಾನು ಮೈಸೂರುಪಾಕು ತಂದಿದ್ದೆ. ನಾಚಿಕೆಯಿಂದ ನನಗೆ ಅಲ್ಲಿ ಕೂರಲಾಗಲಿಲ್ಲ. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋದೆ.

ಅಲ್ಲಿಂದ ನಾನು ಪ್ರಾಮಾಣಿಕ ರೋಗಿಯಾದೆ. ಮನೆಯಲ್ಲಿ ಟೀವಿ ಹಾಕಲಿಲ್ಲ, ಮಿಕ್ಸಿ ಓಡಲಿಲ್ಲ. ಚಟ್ನಿಯಿಲ್ಲದ ದೋಸೆ ತಿಂದೆ. ಎರಡನೇ ಸಲದ ಪರೀಕ್ಷೆಗೆ ಹೊರಡುವ ಹಿಂದಿನ ಸಂಜೆ ನನಗೆ ಬಂದ ಚೀಟಿಯಲ್ಲಿ, ಆಪರೇಷನ್ ಆಗಿ ವಾಸಿಯಾದರೂ ಮನೆಗೆ ಹೋಗಲು ಹಿಂಜರಿಯುವ ಗಂಡಸು ಇದ್ದ. ಮನೆಯಲ್ಲಿ ಅವನೊಬ್ಬನೇ. ಆವತ್ತು ನನಗೆ ನರಳುವ ಅಗತ್ಯ ಬೀಳಲಿಲ್ಲ. ಸರೋಜ ಕಲಿತಂತೆಯೇ ಹತ್ತಿರ ಬಂದು ಕೂತು, ಒಬ್ಬರೇ ಇರುವುದರಲ್ಲಿ ನಿಮಗೆ ಯಾವುದು ಹೆಚ್ಚು ಕಷ್ಟ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಅಡುಗೆ ಅಂತ ಹೇಳಬೇಕೆಂದು ಚೀಟಿಯಲ್ಲಿತ್ತು. ನಾನು, "ಈವ್ನಿಂಗ್" ಅಂದುಬಿಟ್ಟೆ. ಅವಳು ತನ್ನ ಚೀಟಿಯನ್ನು ತಿರುಗಿಸಿ ನೋಡಿದಳು. ಅಷ್ಟರಲ್ಲಿ ಸಮಯ ಮುಗಿಯಿತೆಂದು ಫೋನು ಬಡಿದುಕೊಂಡಿತು. "ಚೀಟೀಲಿ ಇಲ್ದಿದ್ದೆಲ್ಲ ಹೇಳಿದ್ರೆ ನಾನೇನಂತ ಉತ್ತರ ಕೊಡ್ಲಿ ರೀ?" ಅಂತ ಎದ್ದು ಅಕ್ಕಿ ತೊಳೆಯಲು ಹೋದಳು. ಅಕ್ಕಿಯನ್ನು ಅಷ್ಟು ಹೊತ್ತು ಯಾರೂ ತೊಳೆಯುವುದಿಲ್ಲ.

ಪಾಸಾದಳು. ಈ ಸಲ ಕೇಳುವುದರಲ್ಲಿಯೇ ಎಲ್ಲಕ್ಕಿಂತ ಹೆಚ್ಚು ಬಂದಿತ್ತು. ಹೋಗಿಯೂ ಆಯಿತು. ಅಲ್ಲಿ ಚೆನ್ನಾಗಿದ್ದಾಳೆ, ರೋಗಿಗಳ ಪಕ್ಕ ಕೂತು ಮಾತಾಡುತ್ತಾಳೆ, ಹೇಳುವಾಗ ಅವಳ ಮುಖ ನೋಡಬೇಕು. ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ಆದರೆ ಫೋನಿಟ್ಟ ಮೇಲೆ ಅವಳಿಲ್ಲದ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯುವುದಿಲ್ಲ. ದಿನಾ ಸಂಜೆ ರೋಗಿಯಾಗಿ ಅಭ್ಯಾಸವಾದವನಿಗೆ ಆರೋಗ್ಯವಾಗಿರುವುದು ಕಷ್ಟ. ಮೊನ್ನೆ ಅಂಗಡಿಯಲ್ಲಿ ಕೂತಿದ್ದಾಗ ಫೋನಿನಲ್ಲಿ ಹೊಸದೊಂದು ಆ್ಯಪ್ ಸಿಕ್ಕಿತು, ಪುಕ್ಕಟೆಯದ್ದೇ. ಅದರಲ್ಲಿ ಯಂತ್ರವೇ ನರ್ಸಾಗಿ ಇಂಗ್ಲಿಷಿನಲ್ಲಿ ಮಾತಾಡಿಸುತ್ತದೆ. ಏನು ತೊಂದರೆ ಅಂತ ಬಹಳ ನಯವಾಗಿ ಕೇಳಿತು. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಒಬ್ಬನಿಗೆ ಅಕ್ಕಿ ಎಷ್ಟು ಹಾಕಬೇಕೆಂದು ಗೊತ್ತಾಗುವುದಿಲ್ಲ, ಅಂಗಡಿಯನ್ನು ಎಷ್ಟು ತಡವಾಗಿ ಮುಚ್ಚಿದರೂ ಮನೆಗೆ ಬೇಗ ಹೋದಂತಾಗುತ್ತದೆ, ಬಸ್ಸಿನಲ್ಲಿ ಪಕ್ಕ ಯಾರೋ ಕೂತರೆ ಸಿಟ್ಟು ಬರುತ್ತದೆ, ಯಾರೂ ಬೈಯುವುದಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಅದು, ನಿಮ್ಮ ಮಾತು ಸ್ಪಷ್ಟವಾಗಿದೆ, ಆದರೆ ನೀವು ಕಾಯಿಲೆಯ ಲಕ್ಷಣ ಯಾವುದನ್ನೂ ಹೇಳಿಲ್ಲ, ಎಲ್ಲಿ ನೋವು ಅಂತ ದಯವಿಟ್ಟು ಹೇಳಿ ಅಂದಿತು. ಸ್ವಲ್ಪ ಹೊತ್ತು ಯೋಚಿಸಿ, ಮೊಣಕಾಲು ಅಂದೆ. ಅದಕ್ಕೆ ಸಮಾಧಾನವಾಯಿತು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಅಂತ ಹೇಳಿ ಮೂರು ಬಗೆಯ ವ್ಯಾಯಾಮ ತೋರಿಸಿಕೊಟ್ಟಿತು. ಅಂಗಡಿಯಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ. ಷಟರ್ ಅರ್ಧಕ್ಕೆಳೆದು, ಜೆರಾಕ್ಸ್ ಮಿಷಿನ್ನು ಹಿಡಿದುಕೊಂಡು, ಮೂರನ್ನೂ ಮಾಡಿದೆ.