ಕೂಗುವ ಗಾಲಿಗಳು

ಹೊನ್ನಾಳಿಯಲ್ಲಿ ನ್ಯಾಮತಿ ರಸ್ತೆಗೆ ನನ್ನದೊಂದು ಗ್ಯಾರೇಜಿದೆ. ಪಿಕಪ್ ಗಾಡಿಗಳ ಗಾಲಿ ಬಿಚ್ಚಿ, ಹಬ್ ಒಳಗಿನ ಬೇರಿಂಗ್ ತೊಳೆದು ಗ್ರೀಸ್ ತುಂಬೋದು, ಸವೆದಿದ್ದರೆ ಹೊಸದು ಕೂರಿಸೋದು ನನ್ನ ಕೆಲಸ. ಬೇರಿಂಗ್ ಸವೆದ ಗಾಲಿ ಸುಮ್ಮನಿರೋದಿಲ್ಲ, ಊಂ ಅಂತ ಕೂಗುತ್ತೆ. ಕೂಗಿದ ಗಾಲಿಯ ಜೊತೆ ಯಾರೋ ಬರುತ್ತಾರೆ, ಬಂದವರು ಏನೋ ಒಂದು ಮಾತಾಡುತ್ತಾರೆ. ಕೈಗೆ ಗ್ರೀಸ್ ಹತ್ತದ ದಿನಗಳು ಇದ್ದಾವು, ನಗು ಬಾರದ ದಿನ ನನಗೆ ನೆನಪಿಲ್ಲ.

ಟೇಪ್ ರಿಪೇರಿ

ಸಂತೇಬೆನ್ನೂರಿನಿಂದ ಮೆಕ್ಕೆಜೋಳ ಹೇರಿಕೊಂಡು ಬಂದ ಡ್ರೈವರೊಬ್ಬ ಗಾಡಿ ನಿಲ್ಲಿಸಿ ಕೆಳಗಿಳಿದ.

"ಭಾಯ್, ಗಾಡಿ ಟೇಪ್ ಕೆಟ್ಟೋಗೈತೆ, ಒಂಚೂರು ನೋಡ್ರಿ."

"ನಾನು ಗಾಲಿ ನೋಡೋನಪ್ಪ. ಟೇಪ್ ಅಂಗಡಿ ಬಸ್ ಸ್ಟ್ಯಾಂಡ್ ಹತ್ರ ಐತೆ."

"ಅಲ್ಲಿ ತನಕ ಹೋಗಾಕೆ ಧೈರ್ಯ ಇಲ್ರಿ. ಹಾಡಿಲ್ದಿದ್ರೆ ಮುಂದಿನ ಗಾಲಿಯಾಗೆ ಯಾರೋ ಅತ್ತಂಗೆ ಕೇಳ್ತೈತೆ."

ಜಾಕ್ ಕೊಟ್ಟು ಗಾಲಿ ಹಿಡಿದು ಅಲ್ಲಾಡಿಸಿದೆ. ಅಜ್ಜನ ಹಲ್ಲಿನ ಹಾಗೆ ಅಲ್ಲಾಡಿತು. ಬೇರಿಂಗ್ ಪೂರಾ ಹೋಗಿತ್ತು.

"ಯಾವಾಗಿಂದ ಐತೆ ಈ ಸೌಂಡು?"

ಆತ ತಲೆ ಕೆರೆದುಕೊಂಡ. "ಯಾರಿಗ್ಗೊತ್ತು ಭಾಯ್. ಟೇಪ್ ಚೆನ್ನಾಗಿರೋ ತನಕ ಗಾಡೀನೂ ಚೆನ್ನಾಗಿತ್ತು!"

ಯಾವ ಕಡೆ?

ಸಂತೆ ಸಂತೆಗೆ ತರಕಾರಿ ಒಯ್ಯುವ ಗಂಡ ಹೆಂಡತಿ. ಗಂಡ ಗಾಡಿ ಓಡಿಸುತ್ತಾನೆ, ಹೆಂಡತಿ ಪಕ್ಕದಲ್ಲಿ ಕೂರುತ್ತಾಳೆ. ಇಳಿಯುವಾಗಲೇ ಜಗಳ ಶುರುವಾಗಿತ್ತು.

"ಸೌಂಡು ಎಡಗಡೆ ಗಾಲೀದು," ಅಂದ ಗಂಡ.

"ಅಲ್ರೀ ಅಣ್ಣ, ಬಲಗಡೇದು. ಇವರಿಗೆ ಕಿವಿ ಮಂದ," ಅಂದಳು ಹೆಂಡತಿ.

ಎರಡೂ ಗಾಲಿ ಬಿಚ್ಚೋದು ಯಾಕೆ, ಓಡಿಸಿ ನೋಡಿದರೆ ಗೊತ್ತಾಗುತ್ತೆ ಅಂತ ನಾನೇ ಸ್ಟೇರಿಂಗ್ ಹಿಡಿದು ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಹೆಂಡತಿಯನ್ನು ಕಿಟಕಿಯ ಹತ್ತಿರ ಕಳಿಸಿ ಗಂಡನನ್ನು ನಡುವೆ ಹಾಕಿಕೊಂಡೆ. ಸೇತುವೆ ತನಕ ಹೋಗಿ ಬಂದೆವು. ಇಬ್ಬರೂ ಹಳೇ ಮಾತೇ ಹೇಳಿದರು. ಕೊನೆಗೆ ಹೆಂಡತಿಗೂ ಗಾಡಿ ಓಡಿಸಾಕೆ ಬರುತ್ತೆ ಅಂತ ತಿಳಿದು, ಸ್ಟೇರಿಂಗ್ ಆಕೆಗೆ ಕೊಟ್ಟು ನಾನು ಹಿಂದೆ ತರಕಾರಿ ಹೇರುವ ಡಬ್ಬದಲ್ಲಿ ನಿಂತೆ. ಗಂಡ ಆಕೆಯ ಜಾಗದಲ್ಲಿ ಕೂತ.

ತಿರುಗಿ ಬಂದು ಇಳಿದ ಮೇಲೆ ಗಂಡ ಹೇಳಿದ, "ಹೌದು ಭಾಯ್, ಬಲಗಡೇದೇ."

ಹೆಂಡತಿ ಹೇಳಿದಳು, "ಇಲ್ಲಣ್ಣ, ಇವರು ಮೊದ್ಲು ಹೇಳಿದ್ದೇ ಸರಿ. ಎಡಗಡೇದು."

ಯಾರು ಎಲ್ಲಿ ಕೂತರೂ ಸದ್ದು ಮಾತ್ರ ಇನ್ನೊಬ್ಬರ ಕಡೆಯಿಂದಲೇ ಬರುತ್ತಿತ್ತು. ನಾನು ಎರಡೂ ಗಾಲಿ ಬಿಚ್ಚಿದೆ.

ಅತ್ತೆ, ಸೊಸೆ, ಗ್ರೀಸ್

ಜಗಳೂರು ಕಡೆಯ ಕುಟುಂಬವೊಂದು ಸೂರಗೊಂಡನಕೊಪ್ಪಕ್ಕೆ ಹೊರಟಿತ್ತು. ದಾರಿಯಲ್ಲಿ ಹಬ್ ಕಾದು ಹೊಗೆ ಬಂದು ನನ್ನ ಹತ್ತಿರ ಬಂದರು. ನಾನು ಬೇರಿಂಗಿಗೆ ಅಂಗೈಯಲ್ಲಿ ಗ್ರೀಸ್ ಒತ್ತಿ ತುಂಬುತ್ತಿದ್ದೆ. ಆ ಮನೆಯ ಅಜ್ಜಿ ಎದುರಿಗೆ ಕೂತು ನೋಡುತ್ತಿದ್ದಳು.

"ಇನ್ನೊಂಚೂರು ಬಳಿಯೋ ಮಗಾ. ಜಿಪುಣತನ ಮಾಡ್ಬ್ಯಾಡ."

"ಜಾಸ್ತಿ ಹಾಕಿದ್ರೂ ಕೆಡ್ತೈತೆ ಅಜ್ಜಿ. ಬಿಸಿ ಆಗ್ತೈತೆ."

ಅಜ್ಜಿ ಪಟ್ಟನೆ ಸೊಸೆಯ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯೇನೇ? ಅದಕ್ಕೇ ನಾನು ಅನ್ನಕ್ಕೆ ತುಪ್ಪ ಲೆಕ್ಕ ನೋಡಿ ಹಾಕೋದು."

ಸೊಸೆ ತಲೆ ಎತ್ತದೆ ಹೇಳಿದಳು: "ಹೌದತ್ತೆ. ಅದಕ್ಕೇ ನಮ್ಮ ಮನೇಲಿ ಎಲ್ರೂ ಕಿರುಗುಡ್ತೀವಿ."

ಬೀಗರು ಬಂದರು

ಚನ್ನಗಿರಿ ಹತ್ತಿರದ ಹಳ್ಳಿಯಲ್ಲಿ ಮದುವೆ. ಹೆಣ್ಣಿನ ತಂದೆ ನನ್ನ ಹಳೇ ಗಿರಾಕಿ, ಹಾಗಾಗಿ ಬೆಳಿಗ್ಗೆಯೇ ಹೋಗಿ ಚಪ್ಪರದಲ್ಲಿ ಕೂತಿದ್ದೆ. ಗಂಡಿನ ಕಡೆಯವರು ಬರೋದು ತಡವಾಗಿತ್ತು. ಮುಹೂರ್ತ ಹತ್ತಿರ ಬಂದಂತೆ ಹೆಣ್ಣಿನ ತಂದೆಯ ಮುಖ ಸಣ್ಣಗಾಗುತ್ತಿತ್ತು. ದಿಬ್ಬಣದ ಪಿಕಪ್ಪು ಮದುಮಗನ ಸೋದರಮಾವನದು. ಆತ ಮೊಬೈಲಿನಲ್ಲಿ ವಿಡಿಯೋ ನೋಡಿ ತಾನೇ ಬೇರಿಂಗ್ ಹಾಕಿದ್ದಾನೆ ಅಂತ ಕೇಳಿದಾಗಲೇ ನನಗೆ ಒಳಗೊಳಗೆ ಅಳುಕು.

ಮನೆ ಇರೋದು ಇಳಿಜಾರಿನ ಕೆಳಗೆ. ಎಲ್ಲರೂ ದಾರಿ ಕಾಯುತ್ತಿರುವಾಗ ಮೇಲಿನ ತಿರುವಿನಲ್ಲಿ ಹಾರನ್ ಕೇಳಿತು, ಆಮೇಲೆ ಕರ್ರ್ ಅಂತ ಸದ್ದು. ನೋಡನೋಡುತ್ತಿದ್ದಂತೆ ಹಬ್ ಸಮೇತ ಒಂದು ಗಾಲಿ ಒಂಟಿಯಾಗಿ ಉರುಳಿಕೊಂಡು ಬಂದು, ನೇರ ಚಪ್ಪರದೊಳಗೆ ಹೊಕ್ಕು, ಬಾಳೆಕಂಬಕ್ಕೆ ಒರಗಿ ನಿಂತಿತು.

ಓಡಿಹೋಗಿ ಮೇಲೆ ನೋಡಿದೆ. ಪಿಕಪ್ಪು ಒಂದು ಮೂಲೆ ನೆಲಕ್ಕೂರಿ ನಿಂತಿತ್ತು. ಮದುಮಗ ಪೇಟ ಸರಿಮಾಡಿಕೊಳ್ಳುತ್ತಾ ಇಳಿಯುತ್ತಿದ್ದ. ಯಾರಿಗೂ ಏನೂ ಆಗಿರಲಿಲ್ಲ. ಉಸಿರು ಬಿಟ್ಟು ವಾಪಸ್ ತಿರುಗಿದೆ.

ಅಷ್ಟರಲ್ಲಿ ಚಪ್ಪರದ ಬಾಗಿಲಲ್ಲಿ ಕೂತಿದ್ದ, ಕಣ್ಣು ಮಂಜಾದ ಅಜ್ಜ ಒಳಗೆ ಕೂಗಿಬಿಟ್ಟಿದ್ದ: "ಬೀಗರು ಬಂದ್ರು! ಕಾಲಿಗೆ ನೀರು ತಗಂಬರ್ರಿ!"

ತುಂಬಿದ ಚೆಂಬು ಹಿಡಿದು ಓಡಿಬಂದ ಹೆಣ್ಣುಮಗಳು, ಗಾಬರಿಯಲ್ಲಿ ಎದುರಿಗಿದ್ದ ಗಾಲಿಯ ಮೇಲೇ ನೀರು ಸುರಿದಳು. ಕಾದ ಹಬ್ಬಿನಿಂದ ಚೊಂಯ್ ಅಂತ ಹೊಗೆ ಎದ್ದಿತು.

ಅಜ್ಜ ನಿಟ್ಟುಸಿರು ಬಿಟ್ಟ. "ನೋಡ್ರಪ್ಪ, ಇನ್ನೂ ಊಟಕ್ಕೇ ಕೂತಿಲ್ಲ, ಬೀಗರಿಗೆ ಆಗ್ಲೇ ಸಿಟ್ಟು ಬಂದೈತೆ!"